ಹಾಡಿಗೆ ಆರುನೂರು ಸೆಕೆಂಡು

ಆ ಸಾಲನ್ನು ಬರೆದವನು ನಾನೇ. ಯಾರು ಹೇಳಿ ಬರೆಸಿದರು ಎಂಬುದನ್ನು ಮುಂದೆ ಹೇಳುತ್ತೇನೆ. ಆದರೆ ಕೀಲಿಗಳ ಮೇಲೆ ಓಡಾಡಿದ ಬೆರಳು ನನ್ನವು.

ಕೋಟೆಯಲ್ಲಿ ನನ್ನದೊಂದು ಅಂಗಡಿ ಇದೆ. ಹೊರಗಿನವರಿಗೆ ಅದು ಎಚ್.ಡಿ. ಕೋಟೆ, ನಮಗೆ ಬರೀ ಕೋಟೆ. ಪಂಪ್‌ಸೆಟ್ಟಿನ ಸ್ಟಾರ್ಟರ್, ಪ್ಯಾನೆಲ್ ಬೋರ್ಡು, ಕೆಟ್ಟುಹೋದ ಕಂಪ್ಯೂಟರು, ಏನು ತಂದುಕೊಟ್ಟರೂ ರಿಪೇರಿ ಮಾಡುತ್ತೇನೆ. ಕೆ.ಆರ್. ನಗರದಲ್ಲಿ ಡಿಪ್ಲೊಮಾ ಓದುತ್ತಿದ್ದಾಗ ಸ್ವಲ್ಪ ಲಿನಕ್ಸ್ ಕಲಿತಿದ್ದೆ. ಕಂಪ್ಯೂಟರಿಗೆ ಮಾಡಬೇಕಾದ ಕೆಲಸಗಳನ್ನು ಒಂದರ ಕೆಳಗೊಂದು ಸಾಲಾಗಿ ಬರೆದಿಟ್ಟರೆ ಅದಕ್ಕೆ ಶೆಲ್ ಸ್ಕ್ರಿಪ್ಟ್ ಎನ್ನುತ್ತಾರೆ. ಕಂಪ್ಯೂಟರು ಅದನ್ನು ಓದಿ ಉಸಿರು ಬಿಡದೆ ಎಲ್ಲವನ್ನೂ ಮುಗಿಸಿಬಿಡುತ್ತದೆ. ನಡುವೆ ಎಲ್ಲಾದರೂ ಅದನ್ನು ತಡೆದು ನಿಲ್ಲಿಸಬೇಕಾದರೆ ‘ಸ್ಲೀಪ್’ ಎಂದು ಬರೆದು ಪಕ್ಕದಲ್ಲಿ ಒಂದು ಸಂಖ್ಯೆ ಹಾಕಬೇಕು. ಸಂಖ್ಯೆ ಎಷ್ಟೋ ಅಷ್ಟು ಸೆಕೆಂಡು ಸುಮ್ಮನೆ ಮಲಗಿದ್ದು, ಆಮೇಲೆ ಎದ್ದು ಮುಂದಿನ ಸಾಲಿಗೆ ಹೋಗುತ್ತದೆ. ಇಷ್ಟೇ. ಕಲಿಯುವಾಗ ಇದಕ್ಕಿಂತ ಬಡಪಾಯಿ ಆಜ್ಞೆ ಇನ್ನೊಂದಿಲ್ಲ ಎಂದುಕೊಂಡಿದ್ದೆ.

ನನ್ನ ಹೆಂಡತಿಯ ಚಿಕ್ಕಪ್ಪ ತಮ್ಮ ಊರಿನ ನೀರಿನ ಸಮಿತಿಗೆ ಅಧ್ಯಕ್ಷರು. ನಾನು ಅವರನ್ನು ಮಾವ ಎನ್ನುತ್ತೇನೆ. ಕೋಟೆಯಿಂದ ಕಾಡಿನ ಕಡೆ ಅರ್ಧ ಗಂಟೆ ಬೈಕಿನಲ್ಲಿ ಹೋದರೆ ಅವರ ಊರು. ಅಲ್ಲಿ ಒಂದು ಬೋರ್‌ವೆಲ್, ಒಂದು ಓವರ್‌ಹೆಡ್ ಟ್ಯಾಂಕು. ಟ್ಯಾಂಕಿನಿಂದ ಮೂರು ಪೈಪು ಹೊರಡುತ್ತವೆ. ಒಂದು ಮೇಲಿನ ಬೀದಿಗೆ, ಇನ್ನೊಂದು ಕೆಳಗಿನ ಬೀದಿಗೆ. ಮೂರನೆಯದು ಊರು ದಾಟಿ, ಗದ್ದೆ ಬದಿಯಲ್ಲಿ ಒಂದು ಕಿಲೋಮೀಟರಿನಷ್ಟು ಹೋಗಿ, ಕಾಡಂಚಿನ ಹಾಡಿಗೆ, ಎಂದರೆ ಆದಿವಾಸಿಗಳ ಕೇರಿಗೆ, ಮುಟ್ಟುತ್ತದೆ. ಹಿಂದೆ ಇವನ್ನೆಲ್ಲ ಒಬ್ಬ ವಾಟರ್‌ಮ್ಯಾನ್ ಕಬ್ಬಿಣದ ಕೀಲಿ ಹಿಡಿದು ತಿರುಗಿಸಿ ಬಿಡುತ್ತಿದ್ದ. ಅವನಿಗೆ ಸೊಂಟ ಹಿಡಿದು ಕೆಲಸ ಬಿಟ್ಟ ಮೇಲೆ ಸಮಿತಿಯವರು ಕರೆಂಟಿನಲ್ಲಿ ತಿರುಗುವ ವಾಲ್ವ್ ಹಾಕಿಸುವುದೆಂದು ತೀರ್ಮಾನಿಸಿದರು. ಅದನ್ನು ನಡೆಸಲು ಅಂಗೈಯಗಲದ ಒಂದು ಕಂಪ್ಯೂಟರು ಬೇಕಾಯಿತು. ಅಳಿಯ ಇದ್ದಾನಲ್ಲ ಎಂದು ಮಾವ ನನ್ನನ್ನು ಕರೆಸಿದರು.

ಪಂಪ್‌ಹೌಸ್ ಎಂದರೆ ಸಿಮೆಂಟಿನ ಒಂದು ಗೂಡು. ನಾನು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಮಾವ ಬಾಗಿಲಿಗೆ ಒರಗಿ ಎಲೆಯಡಿಕೆ ಅಗಿಯುತ್ತಿದ್ದರು. ಮೂಲೆಯ ಗೋಡೆ ಅವರು ಉಗಿದು ಉಗಿದು ಕೆಂಪಾಗಿ ಹೆಪ್ಪುಗಟ್ಟಿತ್ತು. ಕುಡಿಯುವ ನೀರಿನ ಮನೆಯೊಳಗೆ ಹಾಗೆ ಉಗಿಯುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

“ಮೇಲಿನ ಬೀದಿಗೆ ಒಂದೂವರೆ ಗಂಟೆ ಆಕಿ ಅಳಿಯಂದ್ರೆ,” ಎಂದರು.

ವಾಲ್ವ್ ತೆರೆ ಎಂದು ಒಂದು ಸಾಲು ಬರೆದೆ. ಕೆಳಗೆ ಸ್ಲೀಪ್ 5400. ಅದರ ಕೆಳಗೆ ವಾಲ್ವ್ ಮುಚ್ಚು. ಯಂತ್ರ ಮಲಗಿರುವಷ್ಟು ಹೊತ್ತು ನೀರು ಹರಿಯುತ್ತದೆ, ಎದ್ದ ಕೂಡಲೇ ನಿಲ್ಲುತ್ತದೆ.

“ಕೆಳಗಿನ ಬೀದಿಗೆ?”

“ಒಂದ್ಗಂಟೆ.”

3600 ಎಂದು ಬರೆದೆ.

“ಹಾಡಿಗೆ?”

ಮಾವ ಮೂಲೆಗೆ ಉಗಿದು ಬಾಯಿ ಒರೆಸಿಕೊಂಡರು. “ಅವ್ರಿಗೊಂದು ಅತ್ತು ನಿಮ್ಸ ಆಕಿ. ಸಾಕು.”

“ಹತ್ತು ನಿಮಿಷನಾ? ಮೂವತ್ತು ಮನೆ ಅವೆ ಅಲ್ವಾ ಮಾವ ಅಲ್ಲಿ?”

“ಅವೆ. ಅವ್ರೇನು ದಿನಾ ಮೈಗೆ ನೀರು ಉಯ್ಕತಾರಾ? ಒಳೆ ಅದೆ, ಕಾಡದೆ. ಬರೀರಿ, ಊಟುಕ್ಕೆ ಒತ್ತಾಯ್ತು.”

ಅಷ್ಟು ಹೇಳಿ ನಕ್ಕರು. ನಾನೂ ನಕ್ಕೆ. ಮನಸ್ಸಿನಲ್ಲಿ ಬೇರೇನೋ ಇತ್ತು ಎಂದು ಈಗ ಹೇಳಿದರೆ ಅದು ಸುಳ್ಳಾಗುತ್ತದೆ. ಹೆಂಡತಿಯ ಮನೆಯ ಹಿರಿಯರು ನಕ್ಕರು, ನಾನೂ ನಕ್ಕೆ, ಸ್ಲೀಪ್ 600 ಎಂದು ಬರೆದೆ. ಆಮೇಲೆ ಅವರ ಮನೆಗೆ ಹೋಗಿ ಬಾಡಿನ ಸಾರಿನಲ್ಲಿ ಎರಡು ಮುದ್ದೆ ಉಂಡೆ. ಆ ಊಟದ ರುಚಿ ನೆನಪಿಗೆ ಬಂದರೆ ಈಗಲೂ ಬಾಯಲ್ಲಿ ನೀರೂರುವ ಬದಲು ವಾಕರಿಕೆ ಬರುತ್ತದೆ.

ಆರಂಭದ ದಿನ ಪ್ಯಾನೆಲ್ಲಿಗೆ ಅರಿಶಿನ ಕುಂಕುಮ ಬಳಿದು ಕಾಯಿ ಒಡೆದರು. ತಾಲ್ಲೂಕಿನಿಂದ ಒಬ್ಬರು ಎಂಜಿನಿಯರು ಬಂದಿದ್ದರು. ನನ್ನ ಪರದೆಯ ಮೇಲೆ 5400, 3600, 600 ಎಂದು ಇದ್ದದ್ದನ್ನು ಬಗ್ಗಿ ನೋಡಿದರು. “ಎಲ್ಲಾ ಸೆಕೆಂಡಲ್ವೇನ್ರಿ? ಗುಡ್,” ಎಂದು ಎದ್ದರು. ಆರುನೂರು ಎಂದರೆ ಕೇಳುವುದಕ್ಕೆ ದೊಡ್ಡದಾಗಿಯೇ ಇರುತ್ತದೆ. ಹತ್ತು ನಿಮಿಷ ಎಂದು ಬರೆದಿದ್ದರೆ ಅವರು ಕೇಳುತ್ತಿದ್ದರೋ ಏನೋ. ನಾನು ಬಾಯಿ ಬಿಡಲಿಲ್ಲ. ಮೇಲಿನ ಬೀದಿಯ ನಲ್ಲಿಯಲ್ಲಿ ನೀರು ಬಂದದ್ದನ್ನು ಮೊಬೈಲಿನಲ್ಲಿ ಹಿಡಿದು ಊರಿನ ವಾಟ್ಸಾಪ್ ಗುಂಪಿಗೆಲ್ಲ ಹಾಕಿದರು. ಹಾಡಿಯ ನಲ್ಲಿಯ ಹತ್ತಿರ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಒಬ್ಬ ಹೆಂಗಸು ನನ್ನ ಅಂಗಡಿಗೆ ಬಂದಳು. ಮೂವತ್ತರ ಆಸುಪಾಸು, ಶುಂಠಿ ಹೊಲದ ಕೆಮ್ಮಣ್ಣು ಅಂಟಿದ ಕಾಲು, ಕೈಯಲ್ಲಿ ಗಾಜು ಬಿರಿದ ಮೊಬೈಲು. ಹಾಡಿಯವಳು. ಕೇರಳದವರು ಗುತ್ತಿಗೆಗೆ ಹಿಡಿದ ಶುಂಠಿ ಹೊಲದಲ್ಲಿ ಕೂಲಿ ಮಾಡುತ್ತಾಳಂತೆ. ಮೊಬೈಲು ರಿಪೇರಿಗೆ ಬಂದಿರಬೇಕು ಎಂದುಕೊಂಡೆ.

“ಅಣ್ಣ, ನಮ್ಮ ನಲ್ಲಿ ನೀರಿನ ಮಿಷಿನು ನೀವು ಕೂರಿಸಿದ್ದಂತಲ್ಲ?”

“ಹೌದು. ಏನಾಗದೆ?”

“ಕೆಟ್ಟಿಲ್ಲ. ಅದುಕ್ಕೇ ಬಂದೆ.” ಅವಳು ಮೊಬೈಲು ತೋರಿಸಿದಳು. “ಇದ್ರಲ್ಲಿ ಟೈಮು ಇಡ್ದು ನೋಡ್ದೆ. ಒಂದು ವಾರ ನೋಡ್ದೆ. ದಿನಾ ಅತ್ತೇ ನಿಮ್ಸ. ವಾಟರ್‌ಮ್ಯಾನ್ ತಾತ ಬುಡ್ತಿದ್ದಾಗ ಒಂದಿನ ಅರ್ಧ ಗಂಟೆ, ಒಂದಿನ ಮುಕ್ಕಾಲು ಗಂಟೆ ಬರ್ತಿತ್ತು. ಕೂಗುದ್ರೆ ಇನ್ನೊಂದೀಟು ಬುಡ್ತಿದ್ದ. ಕೆಟ್ಟೋಗಿರ ಮಿಷಿನಾದ್ರೆ ಒಂದಿನ ಎಂಟು, ಒಂದಿನ ಅನ್ನೆರ್ಡು ಆಗ್ಬೇಕಲ್ವಾ? ಇದು ಅತ್ತೇ ಕಣಣ್ಣ. ಯಾರೋ ಅತ್ತು ಅಂತ ಯೋಳವ್ರೆ. ಯಾರು ಯೋಳಿದ್ದು?”

ಅವಳ ಲೆಕ್ಕಾಚಾರ ಅಷ್ಟು ನೇರವಾಗಿತ್ತು.

“ಕಂಪನಿಯೋರು ಬರೆದಿರೋದು ಅದು. ನಮ್ಮ ಕೈಲಿಲ್ಲ,” ಎಂದೆ. ಯಾವ ಕಂಪನಿಯೂ ಇರಲಿಲ್ಲ. ಇದ್ದವನು ನಾನೊಬ್ಬನೇ. ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದರೆ, ಹೇಳುತ್ತ ಹೇಳುತ್ತಲೇ ಸೋಲ್ಡರಿಂಗ್ ಕಡ್ಡಿಯನ್ನು ಒರೆಸುತ್ತಿದ್ದೆ.

“ಒಂದ್ಸಾರಿ ಬಂದು ನೋಡಿ ಮತ್ತೆ,” ಎಂದಳು. “ಬಂದು ನೋಡಕ್ಕೆ ಕಂಪನಿ ಯಾಕೆ?”

ಮಾರನೆಯ ದಿನ ಬೆಳಿಗ್ಗೆ ಹೋದೆ. ಆರು ಗಂಟೆಗೆ ಮೇಲಿನ ಬೀದಿ, ಏಳೂವರೆಗೆ ಕೆಳಗಿನ ಬೀದಿ, ಎಂಟೂವರೆಗೆ ಹಾಡಿ. ಅದು ನನಗೆ ಬಾಯಿಪಾಠ. ಎಂಟೂಕಾಲಿಗೇ ನಲ್ಲಿಯ ಸುತ್ತ ಬಿಂದಿಗೆಗಳು ಸಾಲುಗಟ್ಟಿದ್ದವು. ಎಂಟೂವರೆಗೆ ನಲ್ಲಿ ಮೊದಲು ಬುಸುಗುಟ್ಟಿತು. ಆಮೇಲೆ ಕೆಮ್ಮಿದ ಹಾಗೆ ಗಾಳಿ ಕಕ್ಕಿತು. ಆಮೇಲೆ ಬಂದದ್ದನ್ನು ನೀರು ಎನ್ನಲು ನಾಲಿಗೆ ಬರುವುದಿಲ್ಲ. ಕಂದು ಬಣ್ಣದ ಕೊಚ್ಚೆ. ಅದರಲ್ಲಿ ಕೊಳೆತ ಹುಲ್ಲು, ತುಕ್ಕಿನ ಚಕ್ಕೆ, ಕಡ್ಡಿಯಂಥ ಒಂದು ಕೆಂಪು ಹುಳ. ಗಂಜಲದ ವಾಸನೆ ಮೂಗಿಗೆ ಹೊಡೆಯಿತು.

ಕಾರಣ ನನಗೆ ಅಲ್ಲೇ ಹೊಳೆಯಿತು. ದಿನಕ್ಕೆ ಹತ್ತು ನಿಮಿಷ ಬಿಟ್ಟರೆ ಉಳಿದಷ್ಟೂ ಹೊತ್ತು ಆ ಪೈಪು ಖಾಲಿ ಬಿದ್ದಿರುತ್ತದೆ. ಕೆಳಗಿನ ಬೀದಿಯವರ ತಿಪ್ಪೆಗಳ ಪಕ್ಕದಲ್ಲೇ ಅದು ಹಾದುಹೋಗುವುದು. ಜಾಯಿಂಟುಗಳು ಸಡಿಲ. ಖಾಲಿ ಪೈಪಿನೊಳಗೆ ತಿಪ್ಪೆಯ ರಸ ಜಿನುಗಿ ಇಳಿಯುತ್ತದೆ. ಟ್ಯಾಂಕಿನ ನೀರು ಅಷ್ಟು ದೂರದ ಪೈಪನ್ನು ತುಂಬಿ ಹಾಡಿಗೆ ಮುಟ್ಟಿ ತಿಳಿಯಾಗುವುದಕ್ಕೇ ಏಳು ನಿಮಿಷ ಬೇಕು. ಹೆಂಗಸರು ಕೊಚ್ಚೆಯನ್ನೇ ಕೆಲವು ಬಿಂದಿಗೆಗೆ ಹಿಡಿದಿಟ್ಟು, ಉಳಿದದ್ದನ್ನು ಹರಿಯಲು ಬಿಟ್ಟು ಕಾದರು. ಎಂಟನೆಯ ನಿಮಿಷಕ್ಕೆ ನೀರು ತಿಳಿಯಾಯಿತು. ಒಂದು, ಎರಡು, ಮೂರು, ನಾಲ್ಕು ಬಿಂದಿಗೆ ತುಂಬಿದವು. ಐದನೆಯದು ಅರ್ಧಕ್ಕೆ ಬಂದಿತ್ತು. ನಲ್ಲಿ ಸಣ್ಣಗಾಗಿ ನಿಂತುಬಿಟ್ಟಿತು. ಯಾರೂ ಬೈಯಲಿಲ್ಲ. ಮೊದಲು ಹಿಡಿದಿಟ್ಟ ಕಂದು ಬಿಂದಿಗೆಗಳನ್ನೂ ಎತ್ತಿಕೊಂಡು ಹೊರಟರು.

ಬಂದು ನೋಡಿ ಎಂದಿದ್ದವಳು ನನ್ನನ್ನು ತನ್ನ ಮನೆಯ ಜಗುಲಿಯಲ್ಲಿ ಕೂರಿಸಿ ಸ್ಟೀಲಿನ ಲೋಟದಲ್ಲಿ ನೀರು ಕೊಟ್ಟಳು. ಬಟ್ಟೆಯಲ್ಲಿ ಸೋಸಿದ ನೀರು. ಆದರೂ ತಳದಲ್ಲಿ ಕೆಸರಿನ ಎಳೆ ಇತ್ತು. ಲೋಟವನ್ನು ತುಟಿಗೆ ತಾಗಿಸಿದೆ, ಕುಡಿದ ಹಾಗೆ ಮಾಡಿ ಕೆಳಗಿಟ್ಟೆ. ಮೊದಲು ನನಗೆ ಅಸಹ್ಯ ಹುಟ್ಟಿದ್ದು ಆ ನೀರಿನ ಮೇಲೆ. ಆ ಲೋಟದ ಮೇಲೆ, ಆ ಮನೆಯ ಮೇಲೆ ಎಂದರೂ ತಪ್ಪಲ್ಲ. ಬೇಗ ಎದ್ದು ಹೋಗಬೇಕು, ಬಾಯಿ ತೊಳೆಯಬೇಕು ಎನಿಸಿತು. ನಾನು ಎಂಥ ಮನುಷ್ಯ ಎಂದು ಗೊತ್ತಾಗಲು ಅಷ್ಟು ಸಾಕು.

ಅವಳು ನೋಡಿದ್ದಳು. “ಕುಡೀಬ್ಯಾಡಿ ಬುಡಿ ಅಣ್ಣ. ನಿಮ್ಗೆ ಒಗ್ಗಲ್ಲ. ನನ್ನ ಮಗೀಗೇ ಒಗ್ಗನಿಲ್ಲ, ಭೇದಿ ಅತ್ಕಂಡು ವಾರ ಆಸ್ಪತ್ರೇಲಿದ್ದೊ.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ನಾನು ಲೋಟವನ್ನೇ ನೋಡುತ್ತ ಕೂತೆ. ಅದರಲ್ಲಿದ್ದ ಕೊಳಕು ಅವಳ ಮನೆಯದಲ್ಲ, ನಾನು ಕಳಿಸಿದ್ದು. ಬೈಕು ಹತ್ತಿ ಊರಿನ ತಿರುವಿನವರೆಗೂ ಬಂದು ಬೇಲಿಯ ಪಕ್ಕ ವಾಂತಿ ಮಾಡಿಕೊಂಡೆ.

ಅಲ್ಲಿಂದ ನೇರ ಪಂಪ್‌ಹೌಸಿಗೆ ಹೋದೆ. ಬೀಗದ ಕೈ ನನ್ನ ಹತ್ತಿರವೂ ಒಂದಿತ್ತು. 600 ಅಳಿಸಿ 2700 ಎಂದು ಬರೆದೆ, ಮುಕ್ಕಾಲು ಗಂಟೆ. ಕೆಲಸಕ್ಕೆ ಹಿಡಿದದ್ದು ಒಂದು ನಿಮಿಷವೂ ಅಲ್ಲ. ಯಾರಿಗೂ ಹೇಳಲಿಲ್ಲ. ಹೇಳದೆ ಮಾಡಿದ್ದನ್ನು ಧೈರ್ಯ ಎನ್ನಬಾರದು.

ಹನ್ನೆರಡು ದಿನ ನಡೆಯಿತು. ನಮ್ಮಲ್ಲಿ ಪಂಪು ಓಡಿಸುವ ತ್ರೀಫೇಸ್ ಕರೆಂಟು ಕೊಡುವುದೇ ಕೆಲವು ಗಂಟೆ. ಅಷ್ಟರಲ್ಲಿ ಟ್ಯಾಂಕು ಪೂರ್ತಿ ತುಂಬಲಿಲ್ಲ. ಮೇಲಿನ ಬೀದಿಯ ಕೊನೆಯ ಮನೆಗಳಲ್ಲಿ ನೀರು ಸಣ್ಣಗಾಯಿತು. ಹದಿಮೂರನೆಯ ದಿನ ಮಾವ ಫೋನು ಮಾಡಿದರು. ಹೋದೆ. ಅವರು ಪಂಪ್‌ಹೌಸಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

“ಯಾವ್ ಸಾಲು? ತೋರ್ಸಿ.”

ತೋರಿಸಿದೆ. ಸುಣ್ಣ ಮೆತ್ತಿದ ಬೆರಳನ್ನು ಪರದೆಯ ಮೇಲಿಟ್ಟು ಅವರು ಆ ಸಂಖ್ಯೆಯನ್ನು ಒತ್ತಿದರು. ಬಿಳಿಯ ಗುರುತು ಉಳಿಯಿತು.

“ಇದ್ಯಾಕಿಂಗಾಯ್ತು?”

“ಅಲ್ಲಿ ಕೊಚ್ಚೆ ಬತ್ತದೆ ಮಾವ. ಮಕ್ಕಳು ಆಸ್ಪತ್ರೆ ಸೇರ್ತಾವೆ.”

“ನಮ್ಮನೆ ಕಾರು ತೊಳ್ದು ಮೂರು ದಿನ ಆಯ್ತು. ಅಸಿನ ಮೈ ತೊಳ್ಯಕ್ಕೆ ನೀರಿಲ್ಲ. ನೀವು ಯಾರ ಮನೆ ಅಳೀರು ಅನ್ನೋದು ಮರ್ತೋಯ್ತಾ?” ಅವರ ದನಿ ಏರಲಿಲ್ಲ. “ಮೊದ್ಲಿದ್ದಂಗೆ ಮಾಡಿ. ಇನ್ನೊಂದು ಸೊನ್ನೆ ತೆಗುದ್ರೂ ನಡೀತದೆ.” ಅದಕ್ಕೆ ಅವರೇ ನಕ್ಕರು. ಎದ್ದು ನಿಂತು ಮತ್ತೆ ಹೇಳಿದರು: “ಯಾರಾರ ಕೇಳುದ್ರೆ ಕಂಪ್ಯೂಟರ್ ಮಾಡದು ಅನ್ನಿ. ಕಂಪ್ಯೂಟರ್‌ಗೆ ಜಾತಿ ಗೀತಿ ಇಲ್ವಲ್ಲ.”

ನಾನು 600 ಎಂದು ಬರೆದೆ. ಎರಡನೆಯ ಸಲ.

ಮನೆಗೆ ಬಂದು ಹೆಂಡತಿಯ ಮುಂದೆ ಅವಳ ಚಿಕ್ಕಪ್ಪನನ್ನು ಬಾಯಿಗೆ ಬಂದ ಹಾಗೆ ಬೈದೆ. ಅವಳು ರೊಟ್ಟಿ ತಟ್ಟುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ, “ಚಿಕ್ಕಪ್ಪ ಬಾಯಲ್ಲಿ ಯೋಳುದ್ರು. ಬರ್ದೋರು ನೀವಲ್ವಾ?” ಎಂದಳು. ಅಷ್ಟು ಹೇಳಿ ಕಾವಲಿಯ ಮೇಲಿದ್ದ ರೊಟ್ಟಿ ತಿರುವಿ ಹಾಕಿದಳು.

ನಾಲ್ಕೈದು ದಿನಕ್ಕೆ ಹಾಡಿಯ ಹೆಂಗಸು ಮತ್ತೆ ಅಂಗಡಿಗೆ ಬಂದಳು. ಈ ಸಲ ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು.

“ಅನ್ನೆರ್ಡು ದಿನ ಒಳ್ಳೆ ನೀರು ಬಂತು. ಈಗ ಮತ್ತೆ ಅತ್ತೇ. ಅನ್ನೆರ್ಡು ದಿನ ಕಂಪನಿಯೋರು ಬಂದಿದ್ರಾ ಅಣ್ಣ?”

ಇನ್ನೊಂದು ಸುಳ್ಳು ಬಾಯಿಯವರೆಗೂ ಬಂದಿತ್ತು. ನುಂಗಿದೆ. “ಕಂಪನಿ ಇಲ್ಲ ಕಣಮ್ಮ. ನಾನೇ ಬರ್ದದ್ದು,” ಎಂದೆ. ಲ್ಯಾಪ್‌ಟಾಪ್ ತಿರುಗಿಸಿ ಅವಳ ಕಡೆಗಿಟ್ಟೆ. ಆಶ್ರಮಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಬೆರಳಿಟ್ಟು ನಿಧಾನವಾಗಿ ಓದಿದಳು.

“ಸ್ಲೀಪ್. ಸ್ಲೀಪ್ ಅಂದ್ರೆ ಮಲಗದಲ್ವಾ? ಯಾರು ಮಲಗದು?”

“ಮಿಷಿನು. ಅದು ಮಲಗಿರೋ ಗಂಟ ನೀರು ಬತ್ತಿರ್ತದೆ. ಎದ್ದು ವಾಲ್ವ್ ಮುಚ್ತದೆ.”

ಅವಳು ಮೂರು ಸಂಖ್ಯೆಗಳನ್ನೂ ನೋಡಿದಳು. ಅರವತ್ತರಿಂದ ಭಾಗಿಸಿಕೊಂಡಳೆಂದು ಕಾಣುತ್ತದೆ, ತುಟಿ ಅಲ್ಲಾಡುತ್ತಿದ್ದವು. “ಒಂದೂವರೆ ಗಂಟೆ. ಒಂದು ಗಂಟೆ. ಅತ್ತು ನಿಮ್ಸ.” ಮತ್ತೆ ಕೊನೆಯ ಸಂಖ್ಯೆಯ ಮೇಲೆ ಬೆರಳಿಟ್ಟಳು. “ಅವ್ರಿಗಾದ್ರೆ ಒಳ್ಳೆ ನಿದ್ದೆ ಮಾಡ್ತದೆ. ನಮ್ಗೆ ಮಾತ್ರ ಬಿರ್‍ರನೆ ಎದ್ಬುಡ್ತದೆ.”

ನಾನು ಲ್ಯಾಪ್‌ಟಾಪ್ ಮುಚ್ಚಲು ಹೋದೆ. ಅವಳು ತಡೆದಳು.

“ಇದ್ನ ಕಾಗದದಲ್ಲಿ ತೆಕ್ಕೊಡಿ. ಕೆಳಗೆ ಬರ್ದೋರು ಯಾರು ಅಂತ ಸೈನ್ ಆಕಿ.”

ಪ್ರಿಂಟು ತೆಗೆದದ್ದು ಸುಲಭ. ಸಹಿ ಹಾಕಲು ಪೆನ್ನು ಹಿಡಿದಾಗ ಹೆಂಡತಿಯ ತವರು, ಹಬ್ಬದ ಊಟ, ಅಂಗಡಿಗೆ ಬರುವ ಆ ಊರಿನ ಗಿರಾಕಿಗಳು, ಎಲ್ಲ ಸಾಲಾಗಿ ಕಣ್ಣೆದುರು ಬಂದು ನಿಂತವು. ಅವಳು ಆತುರ ಮಾಡಲಿಲ್ಲ. ಕೂತೇ ಇದ್ದಳು. ಸಹಿ ಹಾಕಿದೆ. ಕಾಗದವನ್ನು ಮಡಿಸಿ ರವಿಕೆಯೊಳಗಿಟ್ಟುಕೊಂಡು ಎದ್ದಳು. “ಮೊದ್ಲೇ ಗೊತ್ತಿತ್ತಲ್ಲಣ್ಣ ನಿಮ್ಗೆ,” ಎಂದಳು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

ಗ್ರಾಮಸಭೆಯಲ್ಲಿ ಅವಳು ಆ ಕಾಗದ ಓದಿದಳು. ಹಾಡಿಯಿಂದ ಇಪ್ಪತ್ತು ಮಂದಿ ಅವಳ ಹಿಂದೆ ನಿಂತಿದ್ದರು. ಒಬ್ಬ ಮುದುಕ ಕಂದು ನೀರಿನ ಬಿಂದಿಗೆಯನ್ನು ಹೊತ್ತು ತಂದು ಮೇಜಿನ ಮುಂದೆ ಇಟ್ಟ. ಆರಂಭದ ದಿನ ಬಂದಿದ್ದ ಎಂಜಿನಿಯರೇ ಅವತ್ತೂ ಬಂದಿದ್ದರು. ಕಾಗದ ನೋಡಿ ನನ್ನನ್ನು ಎಬ್ಬಿಸಿದರು.

“ಯಾರು ಹೇಳಿ ಬರೆಸಿದ್ದು ಇದನ್ನ?”

“ಅಧ್ಯಕ್ಷರು,” ಎಂದೆ. ಮಾವ ಎಂದು ಬಾಯಿಗೆ ಬಂದಿತ್ತು.

ಮಾವ ಕುರ್ಚಿಯಿಂದ ಏಳಲೂ ಇಲ್ಲ. “ನಾನು ಯೋಳಿದ್ದು ಒಂದ್ಗಂಟೆ ಸಾ. ಆ ಸೆಕೆಂಡು ಪಕೆಂಡು ಇವ್ರ ಇಂಗ್ಲಿಸ್ ಲೆಕ್ಕ. ತಪ್ಪಾಗಿ ಬರ್ದವ್ರೆ. ಉಡುಗ್ರು, ಆಯ್ತದೆ,” ಎಂದರು. ನನಗೆ ನಲವತ್ತೆರಡು ವರ್ಷ. ಮೇಲಿನ ಬೀದಿಯವರು ತಲೆಯಾಡಿಸಿದರು. ಕೆಲವರು ನನ್ನ ಕಡೆ ಕರುಣೆಯಿಂದ ನೋಡಿದರು. ಆ ಕರುಣೆಯಷ್ಟು ಹೇಸಿಗೆಯ ವಸ್ತುವನ್ನು ನಾನು ಮತ್ತೆ ಕಂಡಿಲ್ಲ. ಅವರಿಗೆಲ್ಲ ನಿಜ ಗೊತ್ತಿತ್ತು.

“ತಪ್ಪಲ್ಲ ಸಾರ್. ಹತ್ತು ನಿಮಿಷ ಅಂತಲೇ ಹೇಳಿದ್ರು, ಹತ್ತು ನಿಮಿಷ ಅಂತಲೇ ಬರೆದೆ,” ಎಂದೆ. ಅಷ್ಟರಲ್ಲಿ ಕಾರ್ಯದರ್ಶಿ ನಡಾವಳಿ ಪುಸ್ತಕದಲ್ಲಿ ಬರೆದು ಮುಗಿಸಿದ್ದ. ಆಮೇಲೆ ನಾನು ಅದನ್ನು ಓದಿದೆ. ‘ಗಣಕಯಂತ್ರದಲ್ಲಿನ ದೋಷವನ್ನು ಸರಿಪಡಿಸಲು ತೀರ್ಮಾನಿಸಲಾಯಿತು.’ ಅಳಿಸಿ ಎಂದು ಕೇಳಿದೆ. ಇಂಕಿನಲ್ಲಿ ಬರೆದದ್ದು, ಹೇಗೆ ಅಳಿಸಲಿ ಎಂದ.

ಎಂಜಿನಿಯರು ಮೂರಕ್ಕೂ ಐವತ್ತೈವತ್ತು ನಿಮಿಷ ಹಾಕಲು ಹೇಳಿ ಎದುರಿಗೇ ಕೂತು ಹಾಕಿಸಿದರು. ಮೂರು ಸಾಲಿನಲ್ಲೂ 3000. ಪ್ಯಾನೆಲ್ಲಿನ ಬೀಗದ ಕೈಗಳಲ್ಲಿ ಒಂದನ್ನು ಹಾಡಿಯವರಿಗೆ ಕೊಡಬೇಕು ಎಂದು ಆ ಹೆಂಗಸು ಹಟ ಹಿಡಿದಳು, ಕೊಟ್ಟರು. ನನ್ನ ಹತ್ತಿರ ಇದ್ದದ್ದನ್ನೇ ಕೊಟ್ಟರು. ಪೈಪು ಬದಲಿಸುವ ಮಾತು ಇನ್ನೂ ಕಡತದಲ್ಲೇ ಇದೆ. ಮೊದಲ ಏಳು ನಿಮಿಷ ಈಗಲೂ ಕೊಚ್ಚೆಯೇ ಬರುತ್ತದೆ. ಉಳಿದ ನಲವತ್ತಮೂರು ನಿಮಿಷ ತಿಳಿನೀರು.

ಮಾವ ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ಮುನಿಸಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಕಳೆದ ವೈಶಾಖದಲ್ಲಿ ಹುಣಸೂರಿನ ಛತ್ರದಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ನನ್ನ ಪಕ್ಕಕ್ಕೇ ಬಂದು ಕೂತು, ಹೆಗಲ ಮೇಲೆ ಕೈ ಹಾಕಿ, “ಅಳಿಯಂದ್ರೆ, ಇನ್ನೊಂದೀಟು ಪಾಯಸ ಆಕಿಸ್ಕಳಿ,” ಎಂದು ನಕ್ಕರು. ನಾನು ಎಲೆ ಮಡಿಚಿ ಎದ್ದೆ. ಊಟದ ನಡುವೆ ಎದ್ದವನನ್ನು ಎಲ್ಲರೂ ನೋಡಿದರು. ಹೆಂಡತಿ ಆಚೆ ಸಾಲಿನಲ್ಲಿದ್ದಳು. ಅವಳೂ ಎದ್ದು ಬಂದಳು. ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದುಕೊಂಡು ಹೋದೆವು.

ಈಚೆಗೆ ಪಿರಿಯಾಪಟ್ಟಣದ ಕಡೆಯ ಒಂದು ಊರಿನವರು ಅಂಥದೇ ಪ್ಯಾನೆಲ್ ಬೇಕೆಂದು ಬಂದಿದ್ದರು. ಸಮಿತಿಯ ನಾಲ್ಕು ಜನ, ಎಲ್ಲರೂ ಬಿಳಿ ಬಟ್ಟೆ. ಎಷ್ಟು ಲೈನು ಎಂದು ಕೇಳಿದೆ. ನಾಲ್ಕು ಎಂದರು. ನಾಲ್ಕು ಕೇರಿಯವರೂ ಎದುರಿಗಿದ್ದು ಸಮಯ ಹೇಳಿದರೆ ಮಾತ್ರ ಬರೆಯುತ್ತೇನೆ, ಹಾಕಿದ ಸಮಯವನ್ನು ನಿಮಿಷದಲ್ಲಿ ಟ್ಯಾಂಕಿನ ಮೇಲೆ ಬರೆಸಬೇಕು ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೀ ಕುಡಿದು, ಆಲೋಚನೆ ಮಾಡಿ ಫೋನು ಮಾಡುತ್ತೇವೆ ಎಂದು ಎದ್ದರು. ಆಮೇಲೆ ಹುಣಸೂರಿನ ಇನ್ನೊಬ್ಬನ ಹತ್ತಿರ ಮಾಡಿಸಿಕೊಂಡರಂತೆ. ಅವನು ನನಗೆ ಪರಿಚಯದವನೇ, ಕೆಲಸ ಬಲ್ಲವನು. ನಾಲ್ಕನೆಯ ಲೈನಿಗೆ ಏನು ಬರೆದುಕೊಟ್ಟ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.